'ಪ್ರೀ' ಕಂಡಲ್ಲೆಲ್ಲ 'ಮೊದಲೇ' ಅಲ್ಲ

"ಪದದ ಶುರುವಿನಲ್ಲಿ 'ಪ್ರೀ' ಕಂಡರೆ 'ಮೊದಲೇ' ಎಂದು ಅರ್ಥ ಹಚ್ಚಿ, ತಪ್ಪೇ ಆಗದು" ಎಂದು, ಪಿ-ಆರ್-ಇಯಿಂದ ಶುರುವಾಗುವ ಇಂಗ್ಲಿಷ್ ಪದಗಳ ಬಗ್ಗೆ ಲೇಖನವೊಂದು ಕೊಟ್ಟಿರುವ ಸಲಹೆಯನ್ನು ಒಪ್ಪಲಾರೆ. ಪಾವಗಡ, ಬಾಗೇಪಲ್ಲಿ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಎಸ್ಸೆಸ್ಸೆಲ್ಸಿ ಮಕ್ಕಳು ಎಡವುವುದೇ ಇಂಥ ಅರ್ಧ ಸೂತ್ರದಿಂದ. ಪ್ರೀಪೇಯ್ಡ್, ಪಿಯುಸಿಯ ಪ್ರೀ-ಯೂನಿವರ್ಸಿಟಿ, ಇಲ್ಲೆಲ್ಲ ಅದು ಸರಿ. ಆದರೆ ಪ್ರೆಸಿಡೆಂಟ್? ಲ್ಯಾಟಿನ್ ಮೂಲದಲ್ಲಿ ಅದು 'ಮುಂದೆ ಕೂರುವವನು'. ಅಲ್ಲಿರುವುದು ಕಾಲವಲ್ಲ, ಜಾಗ. ಪ್ರೆಪೊಸಿಷನ್ನೂ ಹಾಗೆಯೇ. ನಾವು 'ಕೋಲಾರದಿಂದ' ಎಂದು ಪ್ರತ್ಯಯವನ್ನು ಕೊನೆಗೆ ಅಂಟಿಸುತ್ತೇವೆ, ಇಂಗ್ಲಿಷಿನಲ್ಲಿ 'ಫ್ರಮ್ ಕೋಲಾರ' ಎಂದು ಮೊದಲಿಗೇ ಇಡುತ್ತಾರೆ. ಈ ಎರಡನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ.

ಪ್ರೆಸ್, ಪ್ರಿಟಿ, ಪ್ರೆಷಸ್‌ಗಳಲ್ಲಂತೂ ಈ ಪೂರ್ವಪ್ರತ್ಯಯವೇ ಇಲ್ಲ, ಅಕ್ಷರಗಳಷ್ಟೇ ಅವೇ. ಪಿ, ಆರ್, ಇ ಮೂರನ್ನೂ ಬೆರಳಿನಿಂದ ಮುಚ್ಚಿಸಿ ನೋಡಿ. ಅದು ಪೂರ್ವಪ್ರತ್ಯಯವೇ ಆಗಿದ್ದರೆ, ಉಳಿದದ್ದು ಪ್ರಿಕಾಷನ್‌ನ 'ಕಾಷನ್' ಹಾಗೆ ತಾನೇ ಒಂದು ಪದವಾಗಿರಬೇಕು, ಇಲ್ಲವೇ ಬೇರೆ ಪದದಲ್ಲಿ ಸಿಗಬೇಕು: ಪ್ರೆಡಿಕ್ಟ್‌ನ 'ಡಿಕ್ಟ್' ಡಿಕ್ಟೇಷನ್‌ನಲ್ಲೂ ಇದೆ, ಅರ್ಥ 'ಹೇಳು'. ಪ್ರೆಸ್‌ನಲ್ಲಿ ಉಳಿಯುವುದು ಬರೀ ಎರಡು ಎಸ್. ಪ್ರಿಟೆಂಡ್ ಈ ಪರೀಕ್ಷೆ ದಾಟಿದರೂ ಇವತ್ತಿನ ಅರ್ಥ 'ನಟಿಸು'. ಅಂಥವನ್ನು ಬಾಯಿಪಾಠವೇ ಮಾಡಬೇಕು.

ಲೇಖನದಲ್ಲಿ ಬಿಟ್ಟುಹೋಗಿರುವ ಇನ್ನೊಂದು ಪೂರ್ವಪ್ರತ್ಯಯವಿದೆ: ಗರ್ಭಿಣಿಯರ ತಪಾಸಣೆಯ ಆಂಟಿನೇಟಲ್. ಅಲ್ಲಿ ಎ-ಎನ್-ಟಿ-ಇ, ಅಂದರೆ 'ಮುಂಚೆ'. ಕೊನೆಗೆ ಐ ಬರೆದರೆ 'ವಿರುದ್ಧ' ಆಗಿಬಿಡುತ್ತದೆ. ಆಂಟಿಸಿಪೇಟ್‌ನಲ್ಲಿ ಮಾತ್ರ ಐ ಇದ್ದರೂ ಮೂಲ 'ಮುಂಚೆ' ಎಂಬುದೇ. ಅದನ್ನು ಪ್ರತ್ಯೇಕವಾಗಿ ಹೇಳಿಕೊಡಿ.