ಲಾಸ್ ಬೈಸನ್ಸ್ ಎಂಬ ಊರು

ಪುಣ್ಯಾತ್ಮ ಮತ್ತೆ ಬಂದು ಹೋಗಿದ್ದಾನೆ. ವಿಕಿಪೀಡಿಯದ ವೀಕ್ಷಣಾಪಟ್ಟಿಯಲ್ಲಿ 'ಸ್ಟ್ರೀಟ್ ಫೈಟರ್ 2' ಎಂಬ ಹೊಡೆದಾಟದ ವಿಡಿಯೊ ಗೇಮ್ ಪುಟದ ಎದುರು ಒಂದೆರಡು ಬೈಟ್‌ಗಳ ವ್ಯತ್ಯಾಸ, ಪಕ್ಕದಲ್ಲಿ 'ಹೆಸರು ಸರಿಪಡಿಸಿದೆ' ಎಂಬ ಸಾರಾಂಶ. ಒಂದೆರಡು ಬೈಟ್ ಅಂದರೆ ಒಂದೆರಡು ಅಕ್ಷರದಷ್ಟು, ಯಾರೋ ಅಲ್ಪವಿರಾಮ ತಿದ್ದಿರಬೇಕು ಅಂದುಕೊಂಡು ಎಲ್ಲರೂ ಮುಂದೆ ಹೋಗುತ್ತಾರೆ. ಒಳಗೆ ನೋಡಿದರೆ ಆಟದ ಕೊನೆಯ ನಾಲ್ವರು ಖಳರ ಪಟ್ಟಿ ಹೀಗಿದೆ: ಬೈಸನ್, ಬೈಸನ್, ಸಗಾಟ್ ಮತ್ತು ಎಂ. ಬೈಸನ್. ಮೊದಲನೆಯವನು ಬಾಕ್ಸರ್. ಅವನ ಅಖಾಡ ಲಾಸ್ ಬೈಸನ್ಸ್ ನಗರದಲ್ಲಿದೆಯಂತೆ. ಓದಿದರೆ ನಾಗರಹೊಳೆಯ ಪಕ್ಕದ ಊರಿರಬೇಕು ಅನ್ನಿಸುತ್ತದೆ.

ಇದರ ಮೂಲ ಜಪಾನಿನಲ್ಲಿದೆ. ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಈ ಆಟವನ್ನು ನಾಣ್ಯ ಹಾಕಿ ಆಡುವ ಆರ್ಕೇಡ್‌ಗೆ ತಂದಾಗ ಜಪಾನಿನ ಆವೃತ್ತಿಯಲ್ಲಿ ಬಾಕ್ಸರ್‌ನ ಹೆಸರು ಎಂ. ಬೈಸನ್. ಮುಖ, ಮೈಕಟ್ಟು, ಹೆಸರು ಮೂರೂ ಅಮೆರಿಕದ ಬಾಕ್ಸರ್ ಮೈಕ್ ಟೈಸನ್‌ನ ಪಡಿಯಚ್ಚು. ಅಮೆರಿಕಕ್ಕೆ ಹೋದರೆ ಟೈಸನ್ ಕೇಸು ಹಾಕಿಯಾನು ಎಂಬ ಹೆದರಿಕೆಯಿಂದ ಹೆಸರುಗಳನ್ನೇ ಸುತ್ತು ತಿರುಗಿಸಿದರು. ಬಾಕ್ಸರ್ ಬಾಲ್‌ರಾಗ್ ಆದ. ಜಪಾನಿನಲ್ಲಿ ಆ ಹೆಸರಿದ್ದ, ಕೈಗೆ ಉಗುರು ಕಟ್ಟಿಕೊಂಡ ಸ್ಪೇನ್‌ನವನು ವೇಗಾ ಆದ. ವೇಗಾ ಎನಿಸಿಕೊಂಡಿದ್ದ ಸರ್ವಾಧಿಕಾರಿಗೆ ಎಂ. ಬೈಸನ್ ಎಂಬ ಹೆಸರು ಬಂತು. ಸಗಾಟ್ ಒಬ್ಬ ಬಚಾವಾದ. ಈ ಗೋಜಲೇ ಬೇಡವೆಂದು ಟೂರ್ನಮೆಂಟ್ ಆಡುವವರು 'ಬಾಕ್ಸರ್, ಕ್ಲಾ, ಡಿಕ್ಟೇಟರ್' ಅಂತಲೇ ಕರೆಯುತ್ತಾರೆ. ಇಂಗ್ಲಿಷ್ ಲೇಖನದಲ್ಲಿ ಅಂತಾರಾಷ್ಟ್ರೀಯ ಹೆಸರುಗಳನ್ನು ಬಳಸಿ, ಜಪಾನಿನ ಹೆಸರುಗಳ ಕಥೆಯನ್ನು ಒಂದು ಕಡೆ ಹೇಳಿಬಿಟ್ಟರೆ ಮುಗಿಯಿತು. ಮುಗಿಯಬೇಕಿತ್ತು.

ಆದರೆ ನಮ್ಮ ಪುಣ್ಯಾತ್ಮನಿಗೆ ಜಪಾನಿನ ಹೆಸರೇ ಅಸಲಿ, ಉಳಿದದ್ದೆಲ್ಲ ಕಲಬೆರಕೆ. ತಪ್ಪೇನಿಲ್ಲ, ಅದೂ ಒಂದು ಅಭಿಪ್ರಾಯ. ಅದನ್ನು ಜಾರಿಗೆ ತರುವ ರೀತಿಯೇ ಮೈ ಉರಿಸುವುದು. 'ಹುಡುಕಿ ಬದಲಿಸು' ಡಬ್ಬಿ ತೆರೆಯುತ್ತಾನೆ. ಮೊದಲು ಬೈಸನ್ ಇದ್ದಲ್ಲೆಲ್ಲ ವೇಗಾ. ಈಗ ಲೇಖನದಲ್ಲಿ ಇಬ್ಬರು ವೇಗಾಗಳು. ಆಮೇಲೆ ವೇಗಾ ಇದ್ದಲ್ಲೆಲ್ಲ ಬಾಲ್‌ರಾಗ್. ಈಗ ಮೂವರು ಬಾಲ್‌ರಾಗ್‌ಗಳು. ಕೊನೆಗೆ ಬಾಲ್‌ರಾಗ್ ಇದ್ದಲ್ಲೆಲ್ಲ ಬೈಸನ್. ಮೂವರೂ ಒಂದೇ ಮನೆತನದವರಾದರು. ಸರ್ವಾಧಿಕಾರಿಯ ಹೆಸರಿನ ಹಿಂದಿದ್ದ 'ಎಂ.' ಮಾತ್ರ ಯಾವ ಸುತ್ತಿನಲ್ಲೂ ಕದಲದ ಕಾರಣ, ಯಾರ ಹೆಸರು ಬದಲಿಸಲೆಂದು ಇಷ್ಟೆಲ್ಲ ಹೊರಟನೋ ಆ ಮಹಾಶಯ ಒಬ್ಬನೇ ಎಂ. ಬೈಸನ್ ಆಗಿ ಇದ್ದಂತೆಯೇ ಇದ್ದಾನೆ! ಪಾಪದ ಲಾಸ್ ವೇಗಾಸ್ ನಗರ, ಈ ಜಗಳಕ್ಕೆ ಸಂಬಂಧವೇ ಇಲ್ಲದ್ದು, ನಡುವೆ ಸಿಕ್ಕಿ ಬಾಲ್‌ರಾಗ್ಸ್ ಆಗಿ ಆಮೇಲೆ ಬೈಸನ್ಸ್ ಆಯಿತು.

ಬೈಟ್ ಏಕೆ ಹೆಚ್ಚು ಬದಲಾಗಲಿಲ್ಲ ಎಂಬುದಕ್ಕೂ ಲೆಕ್ಕವಿದೆ. ಇಂಗ್ಲಿಷಿನಲ್ಲಿ ವೇಗಾಗೆ ನಾಲ್ಕಕ್ಷರ, ಬೈಸನ್‌ಗೆ ಐದು, ಬಾಲ್‌ರಾಗ್‌ಗೆ ಆರು. ಒಂದು ಕಡೆ ಒಂದು ಹೆಚ್ಚು, ಇನ್ನೊಂದು ಕಡೆ ಒಂದು ಕಡಿಮೆ. ಪುಟವಿಡೀ ಹಾಳಾದರೂ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ.

ಹೆಸರುಗಳನ್ನು ಸುತ್ತು ತಿರುಗಿಸಲೇಬೇಕಾದ ಸಂದರ್ಭ ಬಂದರೆ ದಾರಿ ಇದು: ಮೊದಲು ಒಂದೊಂದು ಹೆಸರಿಗೂ ಲೇಖನದಲ್ಲಿ ಎಲ್ಲೂ ಇಲ್ಲದ ಗುರುತು ಕೊಡಿ, ಕಕಕ, ಖಖಖ, ಗಗಗ ಎಂದೇನಾದರೂ. ಮೂರೂ ಹೆಸರು ಮಾಯವಾದ ಮೇಲೆ ಆ ಗುರುತುಗಳ ಜಾಗದಲ್ಲಿ ಹೊಸ ಹೆಸರು ಕೂರಿಸಿ. ಪೂರ್ತಿ ಪದವನ್ನು ಮಾತ್ರ ಹುಡುಕುವಂತೆ ಹೇಳಿ, ವೇಗಾಸ್ ಬದುಕಿಕೊಳ್ಳುತ್ತದೆ. ಉಲ್ಲೇಖಗಳ ಒಳಗೆ ಕೈ ಹಾಕಬೇಡಿ. ಅಲ್ಲಿರುವುದು ಪತ್ರಿಕೆಯವರು ಅಚ್ಚು ಹಾಕಿದ ಶೀರ್ಷಿಕೆ, ಅದನ್ನು ತಿದ್ದಲು ನಾವು ಯಾರು? ಚಿತ್ರದ ಕಡತದ ಹೆಸರಿಗಂತೂ ಅಪ್ಪಿತಪ್ಪಿಯೂ ಹೋಗಬೇಡಿ. ಒಂದಕ್ಷರ ಆಚೀಚೆಯಾದರೂ ಚಿತ್ರ ಹೋಗಿ ಕೆಂಪು ಕೊಂಡಿಯೊಂದು ಉಳಿಯುತ್ತದೆ. ಉಳಿಸುವ ಮೊದಲು 'ಬದಲಾವಣೆಗಳನ್ನು ತೋರಿಸು' ಗುಂಡಿ ಒತ್ತಿ. ಬರೀ ಮುನ್ನೋಟ ಸಾಲದು, ಮುನ್ನೋಟದಲ್ಲಿ ಲಾಸ್ ಬೈಸನ್ಸ್ ಕೂಡ ಒಳ್ಳೆಯ ಊರಿನ ಹಾಗೇ ಕಾಣುತ್ತದೆ.

ಇನ್ನು ರಿಪೇರಿ. 'ರದ್ದುಮಾಡು' ಒತ್ತಿದರೆ ಸರಿಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ, ಇನ್ನೊಬ್ಬರು ಬಂದು ಅದೇ ಸಾಲಿನಲ್ಲಿ ಕಾಗುಣಿತ ತಿದ್ದಿರುತ್ತಾರೆ. ಬೈಸನ್ ಎರಡು ಸಲ ಬಂದಿದೆ ಎಂದು ಒಂದನ್ನು ತೆಗೆದೂ ಇರುತ್ತಾರೆ. ನಡುವಿನ ಸಂಪಾದನೆಗಳು ಅಡ್ಡ ಬರುತ್ತವೆ, ರದ್ದುಮಾಡಲಾಗದು ಎನ್ನುತ್ತದೆ ಯಂತ್ರ. ಆಗ ಇತಿಹಾಸಕ್ಕೆ ಹೋಗಿ ಹಳೆಯ ಆವೃತ್ತಿ ತೆರೆದು ಅದನ್ನೇ ಉಳಿಸಬೇಕು. ಆಮೇಲೆ ನಡುವೆ ಬಂದ ಒಳ್ಳೆಯ ತಿದ್ದುಪಡಿಗಳನ್ನು ಒಂದೊಂದಾಗಿ ಕೈಯಾರೆ ಮತ್ತೆ ಸೇರಿಸಬೇಕು. ಹಾಳುಮಾಡಲು ಮೂರು ಕ್ಲಿಕ್ಕು, ಸರಿಮಾಡಲು ಮೂರು ಸಂಜೆ.

ಗುಪ್ತ ಟಿಪ್ಪಣಿಯೊಂದನ್ನು ಇಡಬಹುದಲ್ಲ ಅನ್ನುತ್ತೀರಿ. ಇಟ್ಟದ್ದೇ. ಓದುಗರಿಗೆ ಕಾಣದ, ಸಂಪಾದಿಸುವವರಿಗೆ ಮಾತ್ರ ಕಾಣುವ ಸಾಲು: 'ಇಲ್ಲಿ ಬಾಲ್‌ರಾಗ್, ವೇಗಾ, ಎಂ. ಬೈಸನ್ ಎಂಬ ಅಂತಾರಾಷ್ಟ್ರೀಯ ಹೆಸರು ಬಳಸಲಾಗಿದೆ, ಚರ್ಚೆ ಪುಟ ನೋಡದೆ ಬದಲಿಸಬೇಡಿ.' ಈಗ ಅಲ್ಲಿಯೂ ಬೈಸನ್‌ಗಳೇ ಇದ್ದಾರೆ.

ಜಗಳ ಆಡೋಣವೆಂದರೆ ಅದಕ್ಕೂ ನಿಯಮ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸವನ್ನು ಹಿಂದಿರುಗಿಸುವಂತಿಲ್ಲ. ಕಿಡಿಗೇಡಿತನವಾದರೆ ವಿನಾಯಿತಿ ಉಂಟು, ಆದರೆ ಇವನು ಕಿಡಿಗೇಡಿಯಲ್ಲವಲ್ಲ! ಇವನದು ಸದುದ್ದೇಶ. ಸದುದ್ದೇಶವಿದೆ ಎಂದೇ ಭಾವಿಸಬೇಕು ಎನ್ನುವುದೂ ನಿಯಮವೇ. ಹಲ್ಲು ಕಚ್ಚಿಕೊಂಡು 'ನಿಮ್ಮ ಕಾಳಜಿಗೆ ಧನ್ಯವಾದ' ಎಂದು ಚರ್ಚೆ ಪುಟದಲ್ಲಿ ಬರೆಯಬೇಕು. ಅವನು ಅದನ್ನು ಓದುವುದಿಲ್ಲ. ಲಾಗಿನ್ ಆಗದೆ ಬರುವವನಿಗೆ ಚರ್ಚೆ ಪುಟ ಎಂಬುದು ಇದೆಯೆಂದೇ ಗೊತ್ತಿರುವುದಿಲ್ಲ.

ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯುವುದು ಅವನ ಮೇಲಲ್ಲ, ವಿಕಿಪೀಡಿಯ ಕೇಳುವ ಪುರಾವೆಯ ಮೇಲೆ. ಕೆಳಗೆ, ಓರೆಗೆ, ಮುಂದಕ್ಕೆ, ಗುದ್ದು: ಆಟದ ನಾಯಕ ರ್‍ಯೂ ಕೈಯಿಂದ ಬೆಂಕಿಯುಂಡೆ ಹಾರುತ್ತದೆ. ಆಡಿದವರ ಹೆಬ್ಬೆರಳಿಗೆ ಇದು ನಿದ್ದೆಯಲ್ಲೂ ಗೊತ್ತು. ಆದರೆ ಒಬ್ಬೊಬ್ಬ ಪಾತ್ರದ ಪಟ್ಟುಗಳನ್ನೂ ಹೀಗೆ ಪಟ್ಟಿ ಮಾಡಿದರೆ 'ವಿಶ್ವಕೋಶ ಆಟದ ಕೈಪಿಡಿಯಲ್ಲ' ಎಂದು ತೆಗೆಯುತ್ತಾರೆ. ಕುಸ್ತಿಪಟು ಜಂಗೀಫ್‌ನ ಹಿಡಿತದಿಂದ ದೂರ ಇರಬೇಕು ಎಂದು ಬರೆದರೆ 'ಉಲ್ಲೇಖದ ಅಗತ್ಯವಿದೆ' ಎಂಬ ಚೀಟಿ ಅಂಟುತ್ತದೆ. ಹಿಡಿತಕ್ಕೆ ಸಿಕ್ಕವನನ್ನು ಕೇಳಿ ಅನ್ನುವ ಹಾಗಿಲ್ಲ. ಅಚ್ಚಾದ ಪುರಾವೆ ಬೇಕು.

ಅಚ್ಚಿನ ಕಥೆ ಏನು? 1992ರ ಏಪ್ರಿಲ್ ಸಂಚಿಕೆಯಲ್ಲಿ 'ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ' ಪತ್ರಿಕೆ, ಶೆಂಗ್ ಲಾಂಗ್ ಎಂಬ ರಹಸ್ಯ ಗುರು ಆಟದೊಳಗೆ ಅಡಗಿದ್ದಾನೆ ಎಂದು ಚಿತ್ರಸಹಿತ ಬರೆಯಿತು. ಒಂದೇಟೂ ತಿನ್ನದೆ ಕೊನೆಯವರೆಗೆ ಬಂದು, ಕೊನೆಯ ಖಳನೊಂದಿಗೆ ಸುತ್ತಿನ ಮೇಲೆ ಸುತ್ತು ಡ್ರಾ ಮಾಡಿಕೊಂಡರೆ ಅವನು ಪ್ರತ್ಯಕ್ಷನಾಗುತ್ತಾನಂತೆ. ಶುದ್ಧ ಏಪ್ರಿಲ್ ಫೂಲ್. ಬೇರೆ ಪತ್ರಿಕೆಗಳೂ ನಂಬಿ ಅಚ್ಚು ಹಾಕಿದವು, ಹುಡುಗರು ನಾಣ್ಯ ಸುರಿದರು. ಕೊನೆಗೆ ಕ್ಯಾಪ್‌ಕಾಮ್ 1994ರ 'ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ'ದಲ್ಲಿ ಅಕುಮಾ ಎಂಬ ನಿಜವಾದ ರಹಸ್ಯ ಖಳನನ್ನೇ ತಂದಿಟ್ಟಿತು. ಈ ಸುಳ್ಳಿಗೆ ಸಂಚಿಕೆ, ತಿಂಗಳು, ವರ್ಷ ಎಲ್ಲ ಸಿಗುತ್ತವೆ. ಸುಳ್ಳೆಂದು ಹೇಳಿಯೇ ಬರೆಯುತ್ತೇವೆ, ಆದರೂ ಅದಕ್ಕೆ ಲೇಖನದಲ್ಲಿ ಭದ್ರವಾದ ಜಾಗವಿದೆ.

ನಮ್ಮ ಕಡೆಯ ವಿಡಿಯೊ ಗೇಮ್ ಅಂಗಡಿಗಳಿಗೆ ಆ ಭಾಗ್ಯವಿಲ್ಲ. ಒಂದು ಗುಂಡಿ ಸದಾ ಕೆಟ್ಟಿರುತ್ತಿದ್ದ ಯಂತ್ರಗಳು, ಗೆಲ್ಲುವಾಗಲೇ ಹೋಗುವ ಕರೆಂಟು, ಟಿವಿಗೆ ಸಿಕ್ಕಿಸುತ್ತಿದ್ದ ನಕಲಿ ಕಾರ್ಟ್ರಿಜ್‌ಗಳ ಮೇಲಿನ '9999 ಆಟಗಳು' ಎಂಬ ಹಸಿ ಸುಳ್ಳು. ಅಂಗಡಿಯವರು ಯಾವ ಪತ್ರಿಕೆಗೂ ಸಂದರ್ಶನ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಕಾಲದ ಬಗ್ಗೆ ಒಂದು ಸಾಲು ಸೇರಿಸಬೇಕೆಂದರೂ ಅಡಿಟಿಪ್ಪಣಿಯಲ್ಲಿ ಏನು ಹಾಕುವುದು? ಬಾಗಿಲು ಮುಚ್ಚಿದ ಅಂಗಡಿಗೆ ಕೊಂಡಿ ಕೊಡಲು ಬರುವುದಿಲ್ಲ.

ಆಟದಲ್ಲಿ ನಮ್ಮವನೊಬ್ಬ ಇದ್ದಾನೆ ನಿಜ. ಧಾಲ್ಸಿಮ್: ಕೈಕಾಲು ಮಾರುದ್ದ ಚಾಚುವ, ಬಾಯಿಂದ ಬೆಂಕಿ ಉಗುಳುವ ಯೋಗಿ, ಕೊರಳಲ್ಲಿ ತಲೆಬುರುಡೆ, ಹಿನ್ನೆಲೆಯಲ್ಲಿ ಸಾಲಾನೆ. ಇವನಿಗೆ ತಮ್ಮ ತಮ್ಮ ಜಿಲ್ಲೆಯನ್ನು ಹುಟ್ಟೂರಾಗಿ ದಯಪಾಲಿಸಲು ಬರುವವರನ್ನು ತಡೆಯುವುದು ಸುಲಭ, ಅವರ ಬಳಿ ಉಲ್ಲೇಖ ಇರುವುದಿಲ್ಲ. ಕಷ್ಟವಾಗುವುದು 1994ರ ಹಾಲಿವುಡ್ ಸಿನಿಮಾ ನೋಡಿ ಬಂದವರದು. ಅದರಲ್ಲಿ ರೋಶನ್ ಸೇಠ್ ಧಾಲ್ಸಿಮ್ ಪಾತ್ರ ಮಾಡಿದ್ದಾರೆ, ಯೋಗಿಯಾಗಿ ಅಲ್ಲ, ವಿಜ್ಞಾನಿಯಾಗಿ. ಬಾಕ್ಸರ್ ಬಾಲ್‌ರಾಗ್ ಟಿವಿ ವರದಿಯ ಕ್ಯಾಮೆರಾ ಹಿಡಿದಿದ್ದಾನೆ. ಸಿನಿಮಾದ ಸಂಗತಿ ಸಿನಿಮಾದ ಪುಟಕ್ಕೆ ಸೇರಿದ್ದು ಎಂದು ತೆಗೆದರೆ, ಮರುದಿನ ಪತ್ರಿಕಾ ವಿಮರ್ಶೆಯ ಕೊಂಡಿ, ದಿನಾಂಕ, ಆರ್ಕೈವ್ ಪ್ರತಿ ಸಮೇತ ವಾಪಸ್ ಬರುತ್ತದೆ. ಉಲ್ಲೇಖವನ್ನು ಸುತ್ತುವ ರೆಫ್ ಟ್ಯಾಗನ್ನು ಕೂಡ ಸರಿಯಾಗಿ ಮುಚ್ಚಿರುತ್ತಾರೆ. ಸದ್ಯಕ್ಕೆ ಬೆಂಕಿ ಉಗುಳುವ ಯೋಗಿಯ ವೃತ್ತಿ: ವಿಜ್ಞಾನಿ. ಇವತ್ತಿನ ಮೂರು ಹಿಂದಿರುಗಿಸುವಿಕೆಗಳೂ ಬೈಸನ್‌ಗಳಿಗೇ ಖರ್ಚಾಗಿವೆ.