ನಿರೀಕ್ಷಿತ ಉತ್ತರ: ಚುಕ್ಕಿ ಚುಕ್ಕಿ ಚುಕ್ಕಿ

ನಮ್ಮ ಅಣ್ಣನ ಮಗಳು ಬಿ.ಎಡ್. ಓದುತ್ತಿದ್ದಾಳೆ. ಸೋಮವಾರದಿಂದ ಅವಳಿಗೆ ಇಂಟರ್ನ್‌ಶಿಪ್. ಮೊದಲ ಸಲ ನಿಜವಾದ ಮಕ್ಕಳ ಮುಂದೆ ನಿಲ್ಲಬೇಕು. ಹದಿನೈದು ದಿನದಿಂದ ಮನೆಯಲ್ಲಿ ಮದುವೆ ಸಡಗರ. ಚಾರ್ಟು, ಗ್ಲಿಟರ್, ಥರ್ಮಾಕೋಲ್. ನಿನ್ನೆ ಸಾರಿನಲ್ಲೂ ಒಂದು ಥರ್ಮಾಕೋಲ್ ಗುಂಡು ತೇಲುತ್ತಿತ್ತು.

ಅವಳ ಪಾಠ ಯೋಜನೆಯ ಪುಸ್ತಕ ನೋಡಿದೆ. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ವಿದ್ಯಾರ್ಥಿಗಳ ಚಟುವಟಿಕೆ. ಅಂದರೆ ಮಕ್ಕಳು ಸೋಮವಾರ ಏನು ಹೇಳುತ್ತಾರೆ ಅನ್ನೋದನ್ನ ಗುರುವಾರವೇ ಬರೆದಾಗಿದೆ. ನಮ್ಮೂರ ಜ್ಯೋತಿಷಿಗೂ ಇಷ್ಟು ಧೈರ್ಯ ಇಲ್ಲ.

'ಬೆಳಿಗ್ಗೆ ಏನು ತಿಂದಿರಿ?' ಉತ್ತರ: ಇಡ್ಲಿ.
'ಹಸು ಏನು ತಿನ್ನುತ್ತದೆ?' ಉತ್ತರ: ಹುಲ್ಲು.
'ಹುಲ್ಲು ಏನು ತಿನ್ನುತ್ತದೆ?' ಉತ್ತರ: ಚುಕ್ಕಿ, ಚುಕ್ಕಿ, ಚುಕ್ಕಿ.

ಚುಕ್ಕಿ ಅಂದರೆ ಮಕ್ಕಳು ತೆಪ್ಪಗೆ ಕೂರಬೇಕು. ಇದಕ್ಕೆ ಸಮಸ್ಯಾತ್ಮಕ ಪ್ರಶ್ನೆ ಅಂತ ಹೆಸರು. ಅವರು ಪೆಚ್ಚಾಗಿ ಕೂತಾಗ ಇವಳು ಬೋರ್ಡಿನ ಮೇಲೆ 'ದ್ಯುತಿಸಂಶ್ಲೇಷಣೆ' ಅಂತ ಬರೆಯಬೇಕು.

'ಯಾರಾದ್ರೂ ಉತ್ತರ ಹೇಳಿಬಿಟ್ರೆ?' ಅಂದೆ.

'ಹೇಳಬಾರದು ಚಿಕ್ಕಪ್ಪ,' ಅಂದಳು. ಮುಖ ಬಿಳುಚಿಕೊಂಡಿತ್ತು.

ಇದಕ್ಕೂ ಮೊದಲು ಸೂಕ್ಷ್ಮ ಬೋಧನೆ, ಅಂದರೆ ಒಂದೊಂದೇ ಕೌಶಲವನ್ನು ಪುಟ್ಟ ಪಾಠದಲ್ಲಿ ಅಭ್ಯಾಸ ಮಾಡೋದು, ಮುಗಿದಿದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಹುಟ್ಟಿದ ಪದ್ಧತಿ ಇದು. ನಮ್ಮಲ್ಲಿಗೆ ಬಂದು ಆರು ನಿಮಿಷದ ನಾಟಕವಾಗಿದೆ. ಸಹಪಾಠಿಗಳೇ ಮಕ್ಕಳು. ದಪ್ಪ ಮೀಸೆಯ ಒಬ್ಬ, ಎರಡು ಮಕ್ಕಳ ತಂದೆ, ಏಳನೇ ಕ್ಲಾಸಿನ ಹುಡುಗನಾಗಿ ಕೈ ಎತ್ತಿ 'ಮಿಸ್, ಹುಲ್ಲು ಮಿಸ್' ಅನ್ನುತ್ತಾನೆ. ಇವಳು 'ವೆರಿ ಗುಡ್' ಅನ್ನಬೇಕು. ಹಿಂದಿನ ಬೆಂಚಿನಲ್ಲಿ ಒಬ್ಬಳು ಎಷ್ಟು ವೆರಿ ಗುಡ್ ಬಂತು ಅಂತ ಗೀಟು ಹಾಕುತ್ತಾಳೆ. ಅದಕ್ಕೆ ಪುನರ್ಬಲನ ಕೌಶಲ ಅಂತಾರೆ. ಆ ಮೀಸೆಯವನು ಒಳ್ಳೆಯ ನಟ. ಒಮ್ಮೆ ಪೆನ್ಸಿಲ್ ಕದ್ದರು ಅಂತ ಅತ್ತೇ ಬಿಟ್ಟನಂತೆ. ನಿಜವಾದ ಮಕ್ಕಳು ಇಷ್ಟು ಸಹಕಾರ ಕೊಡೋದು ಅನುಮಾನ.

ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯ (ಎನ್‌ಸಿಟಿಇ) 2014ರ ನಿಯಮ ಬಂದ ಮೇಲೆ ಒಂದು ವರ್ಷದ ಬಿ.ಎಡ್. ಎರಡು ವರ್ಷವಾಯಿತು. ಶಾಲೆಯಲ್ಲಿ 20 ವಾರ ಕಳೆಯಬೇಕು, ಅದರಲ್ಲಿ 90 ಪರ್ಸೆಂಟ್ ಹಾಜರಿ ಬೇಕು. ಒಳ್ಳೆಯ ನಿಯಮ, ಅದನ್ನು ಬರೆದವರಿಗೆ ಕೈ ಮುಗಿಯುತ್ತೇನೆ. 'ನಾನ್ ಅಟೆಂಡಿಂಗ್' ಅನ್ನೋ ಪದವನ್ನು ಕಂಡುಹಿಡಿದವರಿಗೂ ಒಂದು ನಮಸ್ಕಾರ ಇರಲಿ. ಕಾಲೇಜಿಗೆ ದುಡ್ಡು ಕಟ್ಟಿ, ಹಾಜರಾಗದೆ ಹಾಜರಾಗುವ ಈ ಯೋಗವಿದ್ಯೆಯ ರೇಟು ನಿಮಗೂ ಗೊತ್ತಿರುತ್ತದೆ, ಅಲ್ವಾ?

ಶನಿವಾರ ಇವಳು ಶಾಲೆ ನೋಡಿಕೊಂಡು ಬಂದಳು. ಹೆಡ್ ಮೇಷ್ಟ್ರು ಥರ್ಮಾಕೋಲ್ ಕಡೆ ತಿರುಗಿಯೂ ನೋಡಲಿಲ್ಲವಂತೆ. 'ಎಷ್ಟು ವಾರ ಇರ್ತೀಯಮ್ಮಾ? ಗಣಿತಾನೂ ತಗೋ, ಇಂಗ್ಲಿಷೂ ತಗೋ' ಅಂದರಂತೆ. ಒಂದು ಹುದ್ದೆ ಖಾಲಿ. ಒಬ್ಬರು ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುತ್ತಿದ್ದಾರೆ. 2025ರಲ್ಲಿ ಮೇಷ್ಟ್ರುಗಳನ್ನು ಜಾತಿ ಸಮೀಕ್ಷೆಗೆ ಕಳಿಸೋಕೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದವರು ನಾವು. ಮೇಷ್ಟ್ರು ಕ್ಲಾಸಿನಲ್ಲಿ ಸಿಕ್ಕರೆ ಅದೇ ಆಶ್ಚರ್ಯ.

ತಮಾಷೆ ಸಾಕು. ಕಲಿಯೋಕೆ ಹೋದ ಹುಡುಗಿ ಅವಳು. ಪಕ್ಕದಲ್ಲಿ ಕೂತು ತಪ್ಪು ತಿದ್ದುವ ಒಬ್ಬ ಅನುಭವಿ ಮೇಷ್ಟ್ರು ಅವಳಿಗೆ ಬೇಕು. ಅವರೇ ಇಲ್ಲ. ಇವಳಿಗೆ ಪೈಸೆ ಸಂಬಳವಿಲ್ಲ, ಬಸ್ಸು ಫ್ರೀ ಅನ್ನೋದೊಂದೇ ಪುಣ್ಯ. ಆರು ನಿಮಿಷದ ನಾಟಕ ಕಲಿಸಿ, ಮೂರು ಕ್ಲಾಸಿನ ಮಕ್ಕಳನ್ನು ಅವಳ ಮೇಲೆ ಹಾಕಿ, ಆಮೇಲೆ ಮಾರ್ಜಿನ್ ಸರಿಯಾಗಿ ಹೊಡೆದಿಲ್ಲ ಅಂತ ಮಾರ್ಕ್ಸ್ ಕಳೆಯುತ್ತಾರೆ. ಆ ಮಕ್ಕಳ ಬಗ್ಗೆ ಯಾರಿಗೂ ಯೋಚನೆ ಇಲ್ಲ.

ಭಾನುವಾರ ಸಂಜೆ ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಕೊನೆಯ ರಿಹರ್ಸಲ್ ಮಾಡಿದಳು. ಬೆಳಿಗ್ಗೆ ಅವನು ಇಡ್ಲಿ ತಿಂದಿರಲಿಲ್ಲ, ನೂಡಲ್ಸ್. ಹೋಗಲಿ ಅಂತ ಬಿಟ್ಟಳು. ಹಸು ಹುಲ್ಲು ತಿಂದಿತು.

'ಹುಲ್ಲು ಏನು ತಿನ್ನುತ್ತದೆ?'

'ಬಿಸಿಲು ತಿನ್ನುತ್ತೆ ಅಕ್ಕಾ.'

ಅವಳು ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು. ಚುಕ್ಕಿ ಅಳಿಸುವ ಹಾಗಿಲ್ಲ. ಅದರ ಕೆಳಗೆ ಕಾಲೇಜಿನ ಮೆಥಡ್ ಮೇಡಂ ಸಹಿ ಆಗಿಹೋಗಿದೆ.