ಬಿಸಿಲಲ್ಲಿ ಬಿದ್ದಿದ್ದ ನಾಲ್ಕು ಮೊಟ್ಟೆ

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತೂವರೆ ಆಗಿತ್ತು. ಕೆರೆ ಸುತ್ತಿಕೊಂಡು ಮನೆಗೆ ಹೊರಟಿದ್ದೆ. ಏರಿ ಕೆಳಗಿನ ಬಯಲಲ್ಲಿ ಐದು ಜನ ಬಗ್ಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಮೊಳದುದ್ದದ ಲೆನ್ಸು. ಅವರ ತಲೆ ಮೇಲೆ ಎರಡು ತೇನೆ ಹಕ್ಕಿ ಗಂಟಲು ಹರಿಯುವ ಹಾಗೆ ಕೂಗುತ್ತಾ ಸುತ್ತುತ್ತಿದ್ದವು. ಏನಾಗುತ್ತಿದೆ ಅಂತ ದೂರದಿಂದಲೇ ಗೊತ್ತಾಯಿತು. ಅಲ್ಲಿ ಮೊಟ್ಟೆ ಇರುವುದು ನನಗೆ ಎರಡು ವಾರದಿಂದ ಗೊತ್ತಿತ್ತು.

ತೇನೆ ಹಕ್ಕಿ ಅಂದರೆ ಟಿಟ್ಟಿಭ. ಇದು ಗೂಡು ಅಂತ ಏನೂ ಕಟ್ಟುವುದಿಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಒಂದಷ್ಟು ಕಲ್ಲು, ಆಡಿನ ಹಿಕ್ಕೆ. ಮಧ್ಯದಲ್ಲಿ ಮಣ್ಣಿನ ಬಣ್ಣದ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿದ ಹಾಗೆ. ಎರಡು ಹೆಜ್ಜೆ ಆಚೆ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ನಾನು ಹೇಳಬೇಕೆಂದಿರುವುದು ಮುಂದಿನ ಮಾತು. ಏಪ್ರಿಲ್ ತಿಂಗಳ ಹತ್ತೂವರೆ ಬಿಸಿಲಲ್ಲಿ ಆ ಮೊಟ್ಟೆಗಳಿಗೆ ಬೇಕಾಗಿರುವುದು ಕಾವಲ್ಲ, ನೆರಳು. ಗಂಡು ಹೆಣ್ಣು ಎರಡೂ ಸರದಿ ಮೇಲೆ ಬಂದು ನೆರಳು ಕೊಡುತ್ತವೆ. ಬಿಸಿಲು ಜಾಸ್ತಿ ಆದರೆ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತವೆ. ನಾವು ಪಕ್ಕದಲ್ಲಿ ನಿಂತಿರುವಷ್ಟು ಹೊತ್ತೂ ಮೊಟ್ಟೆ ಒಳಗಿನ ಮರಿ ಬೇಯುತ್ತಿರುತ್ತದೆ.

ಹೋಗಿ ಮಾತಾಡಿಸಿದೆ. "ಎರಡೇ ನಿಮಿಷ ಸಾರ್" ಅಂದರು. ವಿಷಯ ಹೇಳಿದೆ. ಒಬ್ಬಳು ಹುಡುಗಿ ತಕ್ಷಣ ಕ್ಯಾಮೆರಾ ಇಳಿಸಿ, "ಗೊತ್ತಿರ್ಲಿಲ್ಲ ಅಂಕಲ್" ಅಂದಳು. ಐದೂ ಜನ ಎದ್ದು ಹೋದರು. ಕೆಟ್ಟವರಲ್ಲ. ವಾರವೆಲ್ಲ ದುಡಿದು, ಸಿಕ್ಕ ಒಂದು ಭಾನುವಾರ ನಿದ್ದೆ ಬಿಟ್ಟು ಹಕ್ಕಿ ನೋಡಲು ಬರುವವರ ಮೇಲೆ ನನಗೆ ಕೋಪ ಬರುವುದಿಲ್ಲ. ಹೇಳುವವರು ಇರಲಿಲ್ಲ, ಅಷ್ಟೇ.

ನನಗೂ ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಮೂರು ಮರಿ. ಬೆಳಕು ಸಾಲದು ಅಂತ ಮುಂದಿದ್ದ ಎರಡು ರೆಂಬೆಯನ್ನು ದಾರದಿಂದ ಪಕ್ಕಕ್ಕೆ ಕಟ್ಟಿದೆ. ಫೋಟೋ ಚೆನ್ನಾಗಿಯೇ ಬಂತು. ಮೂರು ಕೆಂಪು ಬಾಯಿ, ತಾಯಿಯ ಕೊಕ್ಕಲ್ಲಿ ಹಸಿರು ಹುಳ. ಮಾರನೇ ದಿನ ಮಧ್ಯಾಹ್ನ ಹೋಗಿ ನೋಡಿದರೆ ಕಾಂಪೌಂಡ್ ಮೇಲೆ ಕೆಂಬೂತ ಕೂತಿತ್ತು. ಗೂಡು ಖಾಲಿ. ನಾನು ಕಟ್ಟಿದ್ದ ದಾರ ಹಾಗೇ ಇತ್ತು. ಆ ಫೋಟೋವನ್ನು ಇವತ್ತಿನವರೆಗೂ ಎಲ್ಲೂ ಹಾಕಿಲ್ಲ.

ರೆಂಬೆ ಬಗ್ಗಿಸದಿದ್ದರೂ ಅಪಾಯ ತಪ್ಪುವುದಿಲ್ಲ. ನಾವು ಎಲ್ಲಿ ಬಗ್ಗಿ ನೋಡುತ್ತೇವೆ ಅನ್ನುವುದನ್ನು ಕಾಗೆ ನೋಡುತ್ತಿರುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದರೆ ಮಾತ್ರ ಬೇಟೆ ಅಲ್ಲ.

ಹಾಗಾದರೆ ಗೂಡಿನ ಹತ್ತಿರ ಮನುಷ್ಯ ಇರಲೇಬಾರದಾ? ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ. ಹಕ್ಕಿಗಳೆಂದರೆ ಊರಿನವರಿಗೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ತಲೆತಲಾಂತರದಿಂದ ಜೊತೆಗೆ ಬದುಕಿ ಬಂದಿರುವ ನಂಬಿಕೆ ಅದು. ಅಲ್ಲಿ ಬೀದಿಯಲ್ಲಿ ನಿಂತು ಧಾರಾಳವಾಗಿ ಫೋಟೋ ತೆಗೆಯಬಹುದು. ಬಯಲಲ್ಲಿ ಒಂಟಿಯಾಗಿ ಮೊಟ್ಟೆ ಇಟ್ಟ ಟಿಟ್ಟಿಭಕ್ಕೆ ನಮ್ಮ ಮೇಲೆ ಆ ನಂಬಿಕೆ ಎಲ್ಲಿಂದ ಬರಬೇಕು?

ಹೊಸದಾಗಿ ಕ್ಯಾಮೆರಾ ಕೊಂಡವರು ಕೇಳಿದರೆ ನಾನು ಹೇಳುವುದು ಇಷ್ಟೇ. ಊರೂರು ಅಲೆಯಬೇಡಿ. ಮನೆ ಹತ್ತಿರದ ಒಂದು ಕೆರೆ ಹಿಡಿಯಿರಿ. ವರ್ಷ ಪೂರ್ತಿ ಅಲ್ಲಿಗೇ ಹೋಗಿ. ಮೊದಲ ಮೂರು ತಿಂಗಳು ಬೇಜಾರಾಗುತ್ತದೆ. ಅದೇ ಬೆಳ್ಳಕ್ಕಿ, ಅದೇ ನೀರುಕಾಗೆ ಅನಿಸುತ್ತದೆ. ಆಮೇಲೆ ಬೆಳ್ಳಕ್ಕಿಯೂ ಅದೇ ಅಲ್ಲ ಅಂತ ತಿಳಿಯುತ್ತದೆ. ಮಾಗಿಯಲ್ಲಿ ದನದ ಹಿಂದೆ ಓಡಾಡುತ್ತಿದ್ದ ಅಚ್ಚ ಬಿಳಿ ಹಕ್ಕಿ, ಮಳೆಗಾಲದ ಹೊತ್ತಿಗೆ ತಲೆ, ಕುತ್ತಿಗೆಗೆಲ್ಲ ಅರಿಶಿನ ಬಳಿದುಕೊಂಡ ಹಾಗೆ ಆಗಿರುತ್ತದೆ. ಗೂಡು ಕಟ್ಟುವುದನ್ನೇ ನೋಡಬೇಕಾ? ಮುಂಗಾರು ಹಿಡಿದ ಮೇಲೆ ಬಾವಿ ಮೇಲೆ ಬಾಗಿದ ಜಾಲಿ ಮರ ಹುಡುಕಿ, ಗೀಜಗ ಸಿಗುತ್ತದೆ. ಗಂಡು ಅರ್ಧ ಗೂಡು ನೇಯ್ದು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊರಗೆ ನೋಡಿ, ಒಪ್ಪಿದರೆ ಉಳಿದ ಅರ್ಧ. ಇದನ್ನೆಲ್ಲ ರಸ್ತೆಯಲ್ಲಿ ನಿಂತೇ ನೋಡಬಹುದು. ಸೆಪ್ಟೆಂಬರ್ ಕೊನೆಗೆ ಬಾಲ ಕುಣಿಸುತ್ತಾ ಬೂದು ಸಿಪಿಲೆ ಬರುತ್ತದೆ. ನನ್ನ ಡೈರಿಯಲ್ಲಿ ಅದು ಬಂದ ದಿನದಿಂದ ಚಳಿಗಾಲ ಶುರು.

ಚಳಿಗಾಲ ಅಂದರೆ ನನಗೆ ಪಟ್ಟೆತಲೆ ಹೆಬ್ಬಾತು. ನಂಜನಗೂಡು ಕಡೆಯ ಹದಿನಾರು ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ ಇದರ ಹೆಸರಾಂತ ತಾಣಗಳು. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ, ಸಿಕ್ಕಿತು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿ 7,000 ಮೀಟರ್‌ಗಿಂತ ಮೇಲೆ ಹಾರಿದ್ದು ದಾಖಲಾಗಿದೆ. ಹತ್ತಿರ ಹೋಗಲು ಪ್ರಯತ್ನಿಸಿದರೆ ನೂರಾರು ಒಟ್ಟಿಗೆ ಏಳುತ್ತವೆ. ಅಷ್ಟು ದೂರದಿಂದ ಬಂದ ಹಕ್ಕಿಯನ್ನು ಒಂದು ಫೋಟೋಗೋಸ್ಕರ ಎಬ್ಬಿಸುವುದು ಎಷ್ಟು ಸರಿ? ಸುಮ್ನೆ ಕೂತರೆ ಅವೇ ಹತ್ತಿರ ಬರುತ್ತವೆ. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಕೊಯ್ಲಾದ ಗದ್ದೆಯ ಬದುವಿನ ಹಿಂದೆ ಸಂಜೆ ನಾಲ್ಕೂವರೆಯಿಂದ ಕೂತಿದ್ದೆ. ಆರು ಗಂಟೆ ಹೊತ್ತಿಗೆ ಕೆರೆಯಿಂದ ಎದ್ದು ಮೇಯಲು ಬಂದವು. ಕೂಳೆ ಕೀಳುವ ಸದ್ದು ಕೇಳುವಷ್ಟು ಹತ್ತಿರ. ಬೆಳಕು ಹೋಗಿತ್ತು, ಫೋಟೋ ಎಲ್ಲಾ ಮಸುಕು. ನನ್ನ ಹತ್ತಿರ ಇರುವುದರಲ್ಲಿ ನನಗೆ ತುಂಬಾ ಇಷ್ಟವಾದ ಫೋಟೋಗಳು ಅವೇ.

ಭಾನುವಾರ ಆ ಐವರು ಹೋದ ಮೇಲೆ ನಾನು ಏರಿಯ ಆಚೆ ಹೊಂಗೆ ಮರದ ಕೆಳಗೆ ಹೋಗಿ ಕೂತೆ. ವಾಚು ನೋಡಿಕೊಂಡೆ. ಹದಿನೇಳು ನಿಮಿಷ ಯಾವುದೂ ಮೊಟ್ಟೆ ಹತ್ತಿರ ಬರಲಿಲ್ಲ. ಆಮೇಲೆ ಒಂದು ಎಲ್ಲೋ ದೂರದಲ್ಲಿ ಇಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು. ಮತ್ತೆ ನಾಲ್ಕು ಹೆಜ್ಜೆ. ಮೊಟ್ಟೆ ಕಡೆಗೆ ಹೋಗುತ್ತಿರುವುದು ಯಾರಿಗೂ ತಿಳಿಯಬಾರದು, ಅದಕ್ಕೆ. ಕೊನೆಗೆ ತಗ್ಗಿನ ಮೇಲೆ ನಿಂತು ರೆಕ್ಕೆ ಅಗಲಿಸಿತು. ಅಷ್ಟರಲ್ಲಿ ಇನ್ನೊಂದು ನೀರಿನ ಕಡೆಯಿಂದ ಬಂತು. ದುರ್ಬೀನಿನಲ್ಲಿ ನೋಡಿದೆ. ಹೊಟ್ಟೆಯ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲಿನದು ಎದ್ದು ಜಾಗ ಬಿಟ್ಟಿತು. ಇದು ಕೂತಿತು.

ಮರಿ ಬರಲು ಇನ್ನೂ ಹತ್ತು ಹನ್ನೆರಡು ದಿನ ಬೇಕಾಗಬಹುದು. ಬರುವಾಗ ಅಲ್ಲೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಆ ಬಯಲಲ್ಲಿ ಮೊಟ್ಟೆ ಇದೆ, ಸ್ವಲ್ಪ ದಿನ ಕುರಿ ಬಿಡಬೇಡಿ ಅಂತ ಹೇಳಲು ಹೋದೆ.

"ಗೊತ್ತು ಬುಡಿ ಸಾ. ಮೊಟ್ಟೆ ಇಟ್ಟ ದಿನದಿಂದ್ಲೂ ಅತ್ಲಾಗೆ ಕುರಿ ಬುಟ್ಟಿಲ್ಲ" ಅಂದರು.